ಪ್ರಬಂಧ ಬರೆಯಲು ನಾವು ಕಲಿತ ಕನ್ನಡ

ಮನಶ್ಶಾಸ್ತ್ರದಲ್ಲಿ ಎಂ.ಎ. ಅಥವಾ ಎಂ.ಎಸ್ಸಿ. ಓದುತ್ತಿರುವ ಹುಡುಗ ಹುಡುಗಿಯರು ಸಿಕ್ಕಾಗಲೆಲ್ಲ ನಮ್ಮಿಬ್ಬರಿಗೂ ಹಾಕುವ ಪ್ರಶ್ನೆ ಒಂದೇ: “ಎಂ.ಫಿಲ್. ಮುಗಿಸಲು ಏನೇನು ಮಾಡಬೇಕಾಯಿತು?” ಕೈಯಲ್ಲಿ ಪುಸ್ತಕ, ಪೆನ್ನು ಸಿದ್ಧವಾಗಿರುತ್ತದೆ. ನಾವು ಹೇಳುವುದನ್ನು ಒಂದು, ಎರಡು, ಮೂರು ಎಂದು ಬರೆದುಕೊಳ್ಳುವ ಆತುರ ಅವರದು. ನಿಯಮಗಳನ್ನು ಹೇಳುವುದೇನೂ ಕಷ್ಟವಲ್ಲ, ಹತ್ತು ನಿಮಿಷ ಸಾಕು. ಆದರೆ ಆ ಎರಡು ವರ್ಷಗಳಲ್ಲಿ ನಮ್ಮನ್ನು ನಿಜವಾಗಿ ಸತಾಯಿಸಿದ, ನಮಗೆ ಏನನ್ನಾದರೂ ಕಲಿಸಿದ ಸಂಗತಿಗೆ ಆ ನಿಯಮಗಳ ಪಟ್ಟಿಯಲ್ಲಿ ಒಂದು ಸಾಲಿನ ಜಾಗವೂ ಇರಲಿಲ್ಲ. ಅದು ಭಾಷೆ.

ನಾವಿಬ್ಬರೂ ಒಂದೇ ತಂಡದಲ್ಲಿ ಕಲಿತವರು. ಒಬ್ಬಳು ಬಂಟ್ವಾಳದ ಕಡೆಯವಳು, ಮನೆಮಾತು ಬ್ಯಾರಿ. ಇನ್ನೊಬ್ಬಳು ಕಲಬುರಗಿಯವಳು, ಮನೆಯಲ್ಲಿ ದಖನಿ. ಪಠ್ಯಪುಸ್ತಕದ ಕನ್ನಡ ಇಬ್ಬರಿಗೂ ಒಂದೇ ಆಗಿತ್ತು, ಬೀದಿಯ ಕನ್ನಡ ಮಾತ್ರ ಬೇರೆ ಬೇರೆ. ಬೆಂಗಳೂರಿನ ಹಾಸ್ಟೆಲಿಗೆ ಬಂದ ಮೊದಲ ವಾರ ಒಬ್ಬಳು “ನನಗೆ ತಲೆಬಿಸಿ ಆಗಿದೆ” ಎಂದರೆ ಇನ್ನೊಬ್ಬಳು ಜ್ವರ ನೋಡಲು ಹಣೆ ಮುಟ್ಟಿದ್ದಳು. ಕರಾವಳಿಯಲ್ಲಿ ತಲೆಬಿಸಿ ಎಂದರೆ ಚಿಂತೆ, ಗೊಂದಲ, ಟೆನ್ಷನ್ ಎಲ್ಲವೂ ಹೌದು. ಅಂದು ನಕ್ಕು ಸುಮ್ಮನಾದೆವು. ಮುಂದೆ ಅದೇ ನಮ್ಮ ಕೆಲಸದ ತಿರುಳಾಗುತ್ತದೆಂದು ತಿಳಿದಿರಲಿಲ್ಲ.

ಮೊದಲು ನಿಯಮಗಳನ್ನು ಹೇಳಿ ಮುಗಿಸುತ್ತೇವೆ. ನಾವು ಮಾಡಿದ್ದು ಚಿಕಿತ್ಸಾ ಮನಶ್ಶಾಸ್ತ್ರದ ಎಂ.ಫಿಲ್., ಅಂದರೆ ಕ್ಲಿನಿಕಲ್ ಸೈಕಾಲಜಿ. ಮನಶ್ಶಾಸ್ತ್ರದ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ, ಆಮೇಲೆ ಪ್ರವೇಶ ಪರೀಕ್ಷೆ, ಸಂದರ್ಶನ. ಪೂರ್ಣಾವಧಿಯ ಎರಡು ವರ್ಷ, ಶೇ. 80 ಹಾಜರಾತಿ. ಮೊದಲ ವರ್ಷದ ಕೊನೆಗೊಂದು, ಎರಡನೆಯ ವರ್ಷದ ಕೊನೆಗೊಂದು ಪರೀಕ್ಷೆ. ಅದರೊಳಗೆ ಮನೋವೈದ್ಯಶಾಸ್ತ್ರ, ಮಿದುಳು ಮತ್ತು ವರ್ತನೆ, ಮನೋಚಿಕಿತ್ಸೆ, ಸಂಖ್ಯಾಶಾಸ್ತ್ರ. ಬೆಳಗಿನಿಂದ ಸಂಜೆಯವರೆಗೆ ರೋಗಿಗಳ ಜೊತೆ ಕೆಲಸ, ರಾತ್ರಿ ಅದನ್ನು ಬರೆದಿಡುವ ಕೆಲಸ. ಇವೆಲ್ಲದರ ಮೇಲೆ, ಕೊನೆಯ ಪರೀಕ್ಷೆಗೆ ಮೊದಲೇ ಸಲ್ಲಿಸಬೇಕಾದ ಒಂದು ಸಂಶೋಧನಾ ಪ್ರಬಂಧ. ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇರುವ ಸಂಸ್ಥೆಯಲ್ಲೇ ಇದನ್ನು ಮಾಡಬೇಕು, ಮುಗಿದ ಮೇಲೆ ಅದೇ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಯಾರೆಂದು ಹೇಳುವಾಗ ಈ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್. ಅನ್ನು ಹೆಸರಿಸಿಯೇ ಹೇಳುತ್ತದೆ. ಬರೀ ಎಂ.ಎ. ಮುಗಿಸಿ ಬೋರ್ಡು ತಗುಲಿಸಿಕೊಂಡವರು ನಮ್ಮ ಊರುಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ಆ ಮಾತು ಇಲ್ಲಿ ಬೇಡ.

ಈ ಕಲಿಕೆಯ ಬೇರು ನಮ್ಮ ನಾಡಿನಲ್ಲೇ ಇದೆ ಎಂಬುದು ಬಹಳ ಮಂದಿಗೆ ತಿಳಿದಿಲ್ಲ. ಮೈಸೂರಿನಲ್ಲಿ 1924ರಲ್ಲೇ ಮನಶ್ಶಾಸ್ತ್ರ ವಿಭಾಗ ಆರಂಭವಾಗಿತ್ತು. ಅದನ್ನು ಕಟ್ಟಿದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಿಂದ ‘ಆಕಾಶವಾಣಿ’ ಎಂಬ ಬಾನುಲಿ ಕೇಂದ್ರ ಶುರು ಮಾಡಿದವರು. ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಮರುವರ್ಷವೇ ವೈದ್ಯಕೀಯ ಮನಶ್ಶಾಸ್ತ್ರದಲ್ಲಿ ಡಿಪ್ಲೊಮಾ ಆರಂಭಿಸಿತು. 1974ರಲ್ಲಿ ಆ ಸಂಸ್ಥೆ ಮತ್ತು ಸರ್ಕಾರಿ ಮಾನಸಿಕ ಆಸ್ಪತ್ರೆ ಕೂಡಿ ನಿಮ್ಹಾನ್ಸ್ ಆಯಿತು, ಡಿಪ್ಲೊಮಾ ಮುಂದೆ ಎಂ.ಫಿಲ್. ಆಯಿತು. ‘ಕೊರವಂಜಿ’ಯ ರಾಶಿ, ಅಂದರೆ ಡಾಕ್ಟರ್ ಎಂ. ಶಿವರಾಂ, ಮನಸ್ಸಿನ ಕಾಯಿಲೆಗಳ ಕುರಿತು ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹಾಗಿರುವಾಗ ಕನ್ನಡದಲ್ಲಿ ಮನಶ್ಶಾಸ್ತ್ರ ಹೇಳಲಾಗದು ಎನ್ನುವವರ ಮಾತನ್ನು ನಾವು ಒಪ್ಪುವುದಿಲ್ಲ. ಆದರೆ ಪುಸ್ತಕದಲ್ಲಿ ಹೇಳುವುದು ಒಂದು, ಓಪಿಡಿಯ ಬೆಂಚಿನ ಮೇಲೆ ಕುಳಿತವರನ್ನು ಕೇಳುವುದು ಇನ್ನೊಂದು.

ಪ್ರಬಂಧಕ್ಕಾಗಿ ಬಂಟ್ವಾಳದವಳು ಆರಿಸಿಕೊಂಡದ್ದು ಸಕ್ಕರೆ ಕಾಯಿಲೆ ಇರುವ ಮಹಿಳೆಯರಲ್ಲಿ ಖಿನ್ನತೆ. ಕಲಬುರಗಿಯವಳದು, ತೀವ್ರ ಮಾನಸಿಕ ಕಾಯಿಲೆ ಇರುವವರನ್ನು ಮನೆಯಲ್ಲಿ ನೋಡಿಕೊಳ್ಳುವ ತಾಯಿ, ಹೆಂಡತಿ, ಅಕ್ಕತಂಗಿಯರ ಹೊರೆ. ವಿಷಯ ಆರಿಸಿದೊಡನೆ ಕೆಲಸ ಶುರುವಾಗುವುದಿಲ್ಲ. ಮೊದಲು ಪ್ರಸ್ತಾವನೆ ಬರೆಯಬೇಕು, ವಿಭಾಗದ ಎದುರು ಮಂಡಿಸಬೇಕು, ಆಮೇಲೆ ನೀತಿ ಸಮಿತಿಯ ಒಪ್ಪಿಗೆ ಪಡೆಯಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ, ಸಂಶೋಧನೆಯಲ್ಲಿ ಭಾಗವಹಿಸುವವರಿಗೆ ಅದು ಏನು, ಏಕೆ, ಅವರಿಗೆ ಏನು ತೊಂದರೆಯಾಗಬಹುದು, ಬೇಡವೆನಿಸಿದರೆ ನಡುವೆಯೇ ಎದ್ದು ಹೋಗಬಹುದು ಎಂಬುದನ್ನೆಲ್ಲ ಅವರಿಗೆ ತಿಳಿಯುವ ಭಾಷೆಯಲ್ಲಿ ಹೇಳಿ ಒಪ್ಪಿಗೆ ಪಡೆಯಬೇಕು. ಓದಲು ಬಾರದವರಾದರೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವಾಗ ನಮಗೆ ಸಂಬಂಧಪಡದ, ಓದುಬಲ್ಲ ಒಬ್ಬ ಸಾಕ್ಷಿ ಜೊತೆಗಿರಬೇಕು.

ನಿಯಮ ಸರಿಯಾಗಿಯೇ ಇದೆ. ಆದರೆ ಇಂಗ್ಲಿಷಿನಿಂದ ಇಳಿದು ಬಂದ ಒಪ್ಪಿಗೆ ಪತ್ರದ ಕನ್ನಡ ಹೇಗಿತ್ತೆಂದರೆ, “ಸದರಿ ಅಧ್ಯಯನದಲ್ಲಿ ಸ್ವಯಂಪ್ರೇರಿತವಾಗಿ ಪಾಲ್ಗೊಳ್ಳಲು ಸಮ್ಮತಿಸಿರುತ್ತೇನೆ.” ಇದನ್ನು ಓದಿ ಹೇಳಿದಾಗ ಒಬ್ಬ ಹೆಂಗಸು ಕೇಳಿದ್ದು, “ಇದು ಸಂಘದ ಸಾಲದ ಕಾಗದವಾ?” ಅವರ ಸಂಶಯದಲ್ಲಿ ತಪ್ಪಿಲ್ಲ. ‘ಸದರಿ’ ಎಂಬ ಪದವನ್ನು ಅವರು ಕೇಳಿದ್ದು ತಾಲ್ಲೂಕು ಕಚೇರಿಯಲ್ಲಿ, ಸಾಲದ ಪತ್ರದಲ್ಲಿ, ಜಮೀನಿನ ಕಾಗದದಲ್ಲಿ. ನಮ್ಮ ಜನರಿಗೆ ಸಹಿ ಎಂದರೆ ಏನನ್ನೋ ಕಳೆದುಕೊಳ್ಳುವುದಕ್ಕೆ ಮೊದಲು ಮಾಡುವ ಕೆಲಸ. ಕೆಲವರು “ಮನೆಯವರನ್ನು ಕೇಳಿ ಹೇಳ್ತೀನಿ” ಎಂದು ಹೋದವರು ತಿರುಗಿ ಬರಲಿಲ್ಲ. ಇನ್ನು ಕೆಲವರು ನಾವು ಮಾತು ಮುಗಿಸುವ ಮೊದಲೇ “ಎಲ್ಲಿ ಒತ್ತಬೇಕವ್ವ?” ಎಂದು ಹೆಬ್ಬೆರಳು ಚಾಚಿದರು. ಎರಡನೆಯ ಬಗೆಯವರೇ ನಮ್ಮನ್ನು ಹೆಚ್ಚು ಕಾಡಿದರು. ಬಿಳಿ ಕೋಟು ಕಂಡೊಡನೆ ಚಾಚುವ ಬೆರಳನ್ನು ಒಪ್ಪಿಗೆ ಎನ್ನಲಾಗದು. ನಾವು ಪತ್ರವನ್ನು ಮತ್ತೆ ಬರೆದೆವು. “ನಾವು ಓದುತ್ತಿರುವ ಹುಡುಗಿಯರು. ಇದು ನಮ್ಮ ಓದಿಗಾಗಿ ಕೇಳುವ ಪ್ರಶ್ನೆ. ನೀವು ಹೇಳದೆ ಹೋದರೂ ನಿಮ್ಮ ಔಷಧಿ, ಚಿಕಿತ್ಸೆ ಯಾವುದೂ ನಿಲ್ಲುವುದಿಲ್ಲ” ಎಂದು ಆರಂಭವಾಗುವ ಪತ್ರ. ಸಮಿತಿಯ ಒಬ್ಬ ಸದಸ್ಯರಿಗೆ ಇದು ತೀರಾ ಆಡುಮಾತಾಯಿತು ಅನ್ನಿಸಿತ್ತು. ಆದರೂ ಕೊನೆಗೆ ಒಪ್ಪಿದರು. ಅದಕ್ಕೆ ಆರು ವಾರ ಹಿಡಿಯಿತು. ಎರಡು ವರ್ಷದ ಕೋರ್ಸಿನಲ್ಲಿ ಆರು ವಾರ ಎಂದರೆ ಏನೆಂಬುದು ಮಾಡಿದವರಿಗೇ ಗೊತ್ತು.

ಮುಂದಿನದು ಪ್ರಶ್ನಾವಳಿ. ಒಂದು ಭಾಷೆಯ ಮಾಪಕವನ್ನು ಇನ್ನೊಂದಕ್ಕೆ ತರುವಾಗ ಒಬ್ಬರು ಅನುವಾದಿಸಬೇಕು, ಮೂಲವನ್ನು ನೋಡಿರದ ಇನ್ನೊಬ್ಬರು ಅದನ್ನು ತಿರುಗಿ ಮೂಲ ಭಾಷೆಗೆ ಅನುವಾದಿಸಬೇಕು, ಎರಡನ್ನೂ ಹೋಲಿಸಿ ನೋಡಬೇಕು. ರಿಚರ್ಡ್ ಬ್ರಿಸ್ಲಿನ್ 1970ರಲ್ಲಿ ವಿವರಿಸಿದ ಈ ಕ್ರಮವನ್ನೇ ಇಂದಿಗೂ ಎಲ್ಲೆಡೆ ಅನುಸರಿಸುತ್ತಾರೆ. ಸಕ್ಕರೆ ಕಾಯಿಲೆಯಿಂದ ಮನಸ್ಸಿಗಾಗುವ ತೊಳಲಾಟವನ್ನು ಕೇಳುವ ಒಂದು ಪ್ರಶ್ನೆಯಲ್ಲಿ ‘ಓವರ್‌ವೆಲ್ಮ್ಡ್’ ಎಂಬ ಪದವಿತ್ತು. ಮೊದಲ ಅನುವಾದದಲ್ಲಿ ಅದು ‘ಮುಳುಗಿ ಹೋದಂತೆ’ ಆಯಿತು. ತಿರುಗಿ ಇಂಗ್ಲಿಷಿಗೆ ಹೋದಾಗ ನೀರಿನಲ್ಲಿ ಮುಳುಗುವ ಭಯವಾಯಿತು. ಪ್ರಶ್ನೆಯನ್ನು ಹೆಂಗಸರಿಗೆ ಓದಿ ಹೇಳಿದರೆ “ಸಾಲದಲ್ಲಿ ಮುಳುಗೋದಾ?” ಎಂದು ಕೇಳಿದರು. ಮೂರನೆಯ ಸುತ್ತಿನಲ್ಲಿ ಒಬ್ಬ ಅಜ್ಜಿಯೇ ದಾರಿ ತೋರಿಸಿದರು. ಮಾತ್ರೆ, ಪಥ್ಯ, ಸೂಜಿ, ರಕ್ತಪರೀಕ್ಷೆ ಎಲ್ಲವನ್ನೂ ಬೆರಳು ಮಡಚಿ ಎಣಿಸಿ, “ಸಾಕಪ್ಪಾ ಸಾಕು ಅನ್ನಿಸ್‌ಬಿಡ್ತದೆ” ಎಂದರು. ಪ್ರಶ್ನೆ ಸಿದ್ಧವಾಯಿತು. ಪದಕೋಶದಲ್ಲಿ ಹುಡುಕಿದರೆ ಓವರ್‌ವೆಲ್ಮ್ಡ್ ಪದದ ಎದುರು ‘ಸಾಕಪ್ಪಾ ಸಾಕು’ ಸಿಗಲಾರದು. ತಿರುಗು ಅನುವಾದದಲ್ಲಿ ಮಾತ್ರ ಅರ್ಥ ಸರಿಯಾಗಿ ಕೂತಿತ್ತು.

ಹೊರರೋಗಿ ವಿಭಾಗಕ್ಕೆ ಇಡೀ ಕರ್ನಾಟಕವೇ ಬರುತ್ತದೆ. ಖಿನ್ನತೆ ಎಂಬ ಪದವನ್ನು ತಾವಾಗಿ ಬಳಸಿದವರನ್ನು ನಾವು ಹೆಚ್ಚು ಕಂಡಿಲ್ಲ. ಮಂಡ್ಯ ಕಡೆಯವರು “ಮೈಯೆಲ್ಲ ಉರಿ ಕಣವ್ವ” ಎನ್ನುತ್ತಾರೆ. ಉತ್ತರದವರು “ಎದಿ ಭಾರ ಆಗ್ಯದ್ರಿ, ಜೀವಕ್ಕ ಸಮಾಧಾನಿಲ್ರಿ” ಎನ್ನುತ್ತಾರೆ. ದಖನಿಯವರದು “ದಿಲ್ ಘಬ್ರಾತಾ.” ಕಲಿಯುವಾಗ ನಮಗೆ ಹೇಳಿಕೊಟ್ಟದ್ದು, ಇವರೆಲ್ಲ ಮನಸ್ಸಿನ ನೋವನ್ನು ದೇಹದ ನೋವಾಗಿ ಹೇಳುತ್ತಾರೆ ಎಂದು. ಅದರ ಹಿಂದೆ ಸಣ್ಣದೊಂದು ತಾತ್ಸಾರ ಇರುತ್ತದೆ, ಇವರಿಗೆ ಮನಸ್ಸಿನ ಭಾಷೆ ಬಾರದು ಎಂಬಂತೆ. ಮಾರ್ಕ್ ನಿಕ್ಟರ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞರು ದಕ್ಷಿಣ ಕನ್ನಡದ ಹವ್ಯಕ ಮಹಿಳೆಯರ ನಡುವೆ ಕೆಲಸ ಮಾಡಿ 1981ರಲ್ಲಿ ಪ್ರಕಟಿಸಿದ ಲೇಖನ ಓದಿದಾಗ ನಮ್ಮ ಕಣ್ಣು ತೆರೆಯಿತು. ಸಂಕಟ ಹೇಳಿಕೊಳ್ಳಲು ಪ್ರತಿಯೊಂದು ಸಮಾಜಕ್ಕೂ ತನ್ನದೇ ನುಡಿಗಟ್ಟು ಇರುತ್ತದೆ, ಬಾಯಿಬಿಟ್ಟು ಹೇಳಲಾಗದ ಸೊಸೆ ಬೇರೆ ದಾರಿಯಲ್ಲಿ ಹೇಳಿಕೊಳ್ಳುತ್ತಾಳೆ ಎಂಬುದು ಅದರ ಸಾರ. ಇಂದು ಜಗತ್ತಿನ ಮನೋವೈದ್ಯರೆಲ್ಲ ಬಳಸುವ ಒಂದು ಪರಿಕಲ್ಪನೆ ಬಂಟ್ವಾಳದ ಪಕ್ಕದ ತೋಟದ ಮನೆಗಳಿಂದ ಎದ್ದು ಹೋದದ್ದು ನಮ್ಮಲ್ಲೊಬ್ಬಳಿಗೆ ಹೆಮ್ಮೆಯ ವಿಷಯ, ಇನ್ನೊಬ್ಬಳಿಗೆ ಅದನ್ನು ಕೇಳಿ ಕೇಳಿ ಸಾಕಾದ ವಿಷಯ!

ನಿಮ್ಹಾನ್ಸಿನ ಡಾಕ್ಟರ್ ಆರ್. ರಘುರಾಮ್ ಮತ್ತು ಸಂಗಡಿಗರು 80 ಮಂದಿ ಹೊರರೋಗಿಗಳನ್ನು ಮಾತನಾಡಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದಕ್ಕೆ ಪೂರಕವಾಗಿದೆ. ಖಿನ್ನತೆಯ ಲಕ್ಷಣ ಹೆಚ್ಚಿದ್ದಷ್ಟೂ ಕಳಂಕದ ಭಯ ಹೆಚ್ಚು, ದೇಹದ ನೋವು ಹೇಳಿದಷ್ಟೂ ಆ ಭಯ ಕಡಿಮೆ ಎಂಬುದು ಅದರಲ್ಲಿ ಕಂಡುಬಂತು. ಮೈಕೈ ನೋವು ಎಂದರೆ ನೆರೆಮನೆಯವರು ಬಿಸಿನೀರು ಕಾಯಿಸಿ ಕೊಡುತ್ತಾರೆ. ಮನಸ್ಸು ಸರಿ ಇಲ್ಲ ಎಂದರೆ ತಂಗಿಯ ಮದುವೆಯ ಮಾತುಕತೆ ನಿಲ್ಲುತ್ತದೆ. ಯಾವುದನ್ನು ಹೇಳಿಕೊಳ್ಳಬೇಕು ಎಂಬ ಲೆಕ್ಕ ಆ ಹೆಂಗಸರಿಗೆ ನಮಗಿಂತ ಚೆನ್ನಾಗಿ ಗೊತ್ತಿದೆ.

ಹೊರೆಯ ವಿಷಯಕ್ಕೆ ಬಂದರೆ ಕಥೆ ಇನ್ನೂ ಕಠಿಣ. ಶೈಲಾ ಪೈ ಮತ್ತು ಆರ್.ಎಲ್. ಕಪೂರ್ ಬೆಂಗಳೂರಿನಲ್ಲೇ ರೂಪಿಸಿ 1981ರಲ್ಲಿ ಪ್ರಕಟಿಸಿದ ಸಂದರ್ಶನ ಪಟ್ಟಿಯನ್ನು ನಮ್ಮಲ್ಲೊಬ್ಬಳು ಬಳಸಿದಳು. ಅದರ ಸೊಗಸು ಏನೆಂದರೆ, ಅದು ಮೊದಲಿಗೇ ‘ನಿಮಗೆ ಹೇಗನಿಸುತ್ತದೆ’ ಎಂದು ಕೇಳುವುದಿಲ್ಲ. ಖರ್ಚು ಎಷ್ಟಾಯಿತು, ಸಾಲ ಮಾಡಿದಿರಾ, ಮನೆಗೆಲಸ ನಿಂತಿತೇ, ಹಬ್ಬಕ್ಕೆ ನೆಂಟರ ಮನೆಗೆ ಹೋಗುವುದು ನಿಂತಿತೇ, ಮನೆಯವರಲ್ಲಿ ಮತ್ತಾರಾದರೂ ಹಾಸಿಗೆ ಹಿಡಿದರೇ ಎಂದು ಬದುಕಿನ ಒಂದೊಂದು ಮೂಲೆಯನ್ನೂ ನೋಡಿಕೊಂಡು ಬರುತ್ತದೆ. ಪ್ರತಿಯೊಂದಕ್ಕೂ ಸೊನ್ನೆ, ಒಂದು ಅಥವಾ ಎರಡು. ಒಟ್ಟಾರೆ ಹೊರೆ ಎಷ್ಟು ಅನ್ನಿಸುತ್ತದೆ ಎಂದು ಕೊನೆಯಲ್ಲಿ ಮಾತ್ರ ಕೇಳುತ್ತದೆ.

ಮಂಡ್ಯ ಕಡೆಯ ಒಬ್ಬ ತಾಯಿ. ಮಗನಿಗೆ ಹದಿನೆಂಟರಲ್ಲಿ ಶುರುವಾದ ಕಾಯಿಲೆ, ಈಗ ಮೂವತ್ತು ದಾಟಿದೆ. ಕುರಿ ಮಾರಿದ್ದಾರೆ, ಓಲೆ ಅಡವಿಟ್ಟಿದ್ದಾರೆ, ಕಿರಿಯ ಮಗಳ ಶಾಲೆ ಬಿಡಿಸಿದ್ದಾರೆ. ತಮ್ಮನ ಮಗಳ ಮದುವೆಗೂ ಹೋಗಿಲ್ಲ. ಒಂದಾದ ಮೇಲೊಂದು ಎರಡರ ಅಂಕಿ ಬೀಳುತ್ತಲೇ ಇತ್ತು. ಕೊನೆಯ ಪ್ರಶ್ನೆ ಕೇಳಿದಾಗ ಮಾತ್ರ ಮುಖ ಗಂಟಾಯಿತು. “ಹೆತ್ತ ಮಗ ಹೊರೆ ಆಯ್ತಾನೇನವ್ವ? ಹೊರೆ ಅಂದ್ರೆ ಸೌದೆ ಹೊರೆ, ಹುಲ್ಲೊರೆ. ಸಾಕಾದ್ರೆ ಇಳ್ಸಿ ಮಡುಗ್‌ಬೋದು. ಮಗನ್ನ ಎಲ್ಲವ್ವ ಇಳ್ಸದು?”

ಆ ಚೌಕದಲ್ಲಿ ಏನು ಬರೆಯಬೇಕು? ನಿಯಮದಂತೆ ಸೊನ್ನೆ. ಅವರು ಇಲ್ಲ ಎಂದಿದ್ದಾರೆ. ಉಳಿದ ಚೌಕಗಳನ್ನು ಕೂಡಿದರೆ ಮನೆಯೇ ಕುಸಿದು ಕೂತಿದೆ. ಮಾರ್ಗದರ್ಶಕರು ಎರಡನ್ನೂ ಹಾಗೆಯೇ ಬರೆಯಲು ಹೇಳಿದರು, ಆ ಮಾತನ್ನೂ ಪ್ರಬಂಧದೊಳಗೆ ಸೇರಿಸಲು ಹೇಳಿದರು. ಇಂಗ್ಲಿಷ್ ಪ್ರಬಂಧದಲ್ಲಿ ‘ಹುಲ್ಲೊರೆ’ಯನ್ನು ರೋಮನ್ ಲಿಪಿಯಲ್ಲಿ ಬರೆದು ವಿವರಿಸಬೇಕಾಯಿತು. ಮೌಖಿಕ ಪರೀಕ್ಷೆಗೆ ಬಂದ ಹೊರಗಿನ ಪರೀಕ್ಷಕರು ಸಂಖ್ಯಾಶಾಸ್ತ್ರದ ಕುರಿತು ಎರಡು ಪ್ರಶ್ನೆ ಕೇಳಿ, ಉಳಿದ ಹೊತ್ತೆಲ್ಲ ಆ ಒಂದು ಪುಟದ ಮೇಲೆಯೇ ಚರ್ಚಿಸಿದರು. ತಾಯಿ ಸತ್ಯ ಹೇಳುತ್ತಿಲ್ಲ ಎನ್ನುವುದೇ, ನಮ್ಮ ಪ್ರಶ್ನೆ ಸರಿಯಿಲ್ಲ ಎನ್ನುವುದೇ? ನಾವು ಎರಡನೆಯದೆಂದು ಹೇಳಿದೆವು. ಇಂದಿಗೂ ಅದನ್ನೇ ಹೇಳುತ್ತೇವೆ.

ಖಿನ್ನತೆಯ ಅಧ್ಯಯನದಲ್ಲಿ ಬಳಸಿದ್ದು ಪಿ.ಎಚ್.ಕ್ಯೂ.-9, 2001ರಲ್ಲಿ ಬಂದ ಒಂಬತ್ತು ಪ್ರಶ್ನೆಗಳ ಪಟ್ಟಿ. ಇದಕ್ಕೆ ಕನ್ನಡ ರೂಪ ಮೊದಲೇ ಇತ್ತು. ಕಳೆದ ಎರಡು ವಾರಗಳಲ್ಲಿ ಹೇಗಿದ್ದಿರಿ ಎಂದು ಕೇಳುತ್ತಾ ಹೋಗಿ, ಒಂಬತ್ತನೆಯದರಲ್ಲಿ ಬದುಕು ಬೇಡವೆನಿಸಿತ್ತೇ ಎಂದು ಕೇಳುತ್ತದೆ. ಅದಕ್ಕೆ ಹೌದು ಎಂದವರನ್ನು ಅಂಕಿ ಬರೆದುಕೊಂಡು ಕಳುಹಿಸುವಂತಿಲ್ಲ. ಆ ಹೊತ್ತಿಗೆ ಏನು ಮಾಡುತ್ತೀರಿ ಎಂಬುದನ್ನು ನೀತಿ ಸಮಿತಿ ಮೊದಲೇ ಬರೆಸಿಕೊಂಡಿರುತ್ತದೆ. ಸಂಶೋಧನೆ ನಿಲ್ಲಿಸಬೇಕು, ಪಕ್ಕದಲ್ಲಿ ಕೂರಬೇಕು, ಮನೋವೈದ್ಯರ ಬಳಿಗೆ ನಾವೇ ಕರೆದೊಯ್ಯಬೇಕು. ಹೌದು ಎಂದು ತಲೆಯಾಡಿಸಿದ ಒಬ್ಬ ಹೆಂಗಸು ನಮ್ಮ ಕೈ ಹಿಡಿದು, “ಇದನ್ನು ಇಲ್ಲಿತನಕ ಯಾರೂ ಕೇಳಿರಲಿಲ್ಲ” ಎಂದರು. ಹತ್ತು ವರ್ಷದಿಂದ ಸಕ್ಕರೆ ಪರೀಕ್ಷೆಗೆ ಬರುತ್ತಿದ್ದವರು ಅವರು. ಅವರ ಹಾಳೆ ಅರ್ಧಕ್ಕೇ ನಿಂತಿತು. ಅಧ್ಯಯನದ ಲೆಕ್ಕಕ್ಕೆ ಬರಲಿಲ್ಲ, ಚಿಕಿತ್ಸೆಗೆ ಬಂದರು. 2022ರ ಅಕ್ಟೋಬರಿನಲ್ಲಿ ಟೆಲಿ ಮಾನಸ್ ಸಹಾಯವಾಣಿ ಆರಂಭವಾದ ಮೇಲೆ, ಕೇಳಿದವರಿಗೆಲ್ಲ 14416 ಎಂಬ ಸಂಖ್ಯೆಯನ್ನು ಬರೆದು ಕೊಡುವುದು ನಮಗೆ ಅಭ್ಯಾಸವಾಗಿದೆ. ಅದರಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ಸಂಖ್ಯಾಶಾಸ್ತ್ರದ ಕುರಿತು ಹೆಚ್ಚು ಹೇಳುವುದಿಲ್ಲ. ಎಲ್ಲರೂ ಅದಕ್ಕೇ ಹೆದರುತ್ತಾರೆ, ಅದೇ ಎಲ್ಲಕ್ಕಿಂತ ಸುಲಭ. ಕಂಪ್ಯೂಟರ್ ಮಾಡಿಕೊಡುತ್ತದೆ. 0.05 ಎಂಬ ಗೆರೆಯನ್ನು ರೊನಾಲ್ಡ್ ಫಿಷರ್ 1925ರ ತಮ್ಮ ಪುಸ್ತಕದಲ್ಲಿ ಅನುಕೂಲಕ್ಕೆಂದು ಹೇಳಿದ್ದು ಶಾಸನವಾಗಿ ಕೂತಿದೆ ಎಂಬುದನ್ನು ನೆನಪಿಟ್ಟುಕೊಂಡರೆ ಸಾಕು.

ಈಗ ಹುಡುಗಿಯರ ಪ್ರಶ್ನೆಯ ಸ್ವರೂಪವೇ ಬದಲಾಗಿದೆ. ರಾಷ್ಟ್ರೀಯ ಶಿಕ್ಷಣ ನೀತಿ 2020 ಎಂ.ಫಿಲ್. ಬೇಡವೆಂದಿತು. ಯು.ಜಿ.ಸಿ. 2022ರ ನವೆಂಬರಿನ ನಿಯಮಾವಳಿಯಲ್ಲಿ ಅದನ್ನು ನಿಲ್ಲಿಸಿತು. ಚಿಕಿತ್ಸಾ ಮನಶ್ಶಾಸ್ತ್ರ ಮತ್ತು ಮನೋವೈದ್ಯಕೀಯ ಸಮಾಜಕಾರ್ಯ ಈ ಎರಡಕ್ಕೆ ಮಾತ್ರ 2025-26ರ ಸಾಲಿನವರೆಗೆ ಪ್ರವೇಶ ಕೊಡಬಹುದೆಂದು 2024ರ ಜನವರಿಯಲ್ಲಿ ತಿಳಿಸಿತು. ಪದವಿಯ ಹೆಸರು ಬದಲಾಗುವುದರ ಬಗ್ಗೆ ನಮಗೆ ಅಂಥ ದುಃಖವಿಲ್ಲ. ಎಂ.ಎ.ಗೆ ಎರಡು ವರ್ಷ, ಎಂ.ಫಿಲ್.ಗೆ ಮತ್ತೆರಡು ವರ್ಷ ಎಂದರೆ ಎಷ್ಟೋ ಮನೆಗಳಲ್ಲಿ ಹುಡುಗಿಯ ಓದು ನಡುವೆಯೇ ನಿಲ್ಲುತ್ತಿತ್ತು, ಫೀಸಿಗಾಗಿ ಅಥವಾ ಮದುವೆಗಾಗಿ. ಆದರೆ ಕೋರ್ಸನ್ನು ಚಿಕ್ಕದು ಮಾಡುವವರು ಮೊದಲು ಕತ್ತರಿಸುವುದು ಸಾಮಾನ್ಯವಾಗಿ ಪ್ರಬಂಧವನ್ನು, ಅದರಲ್ಲೂ ಕಣಕ್ಕಿಳಿದು ಮಾಡುವ ಪ್ರಬಂಧವನ್ನು. ಒಪ್ಪಿಗೆ ಪತ್ರ ಮತ್ತೆ ಬರೆಯಲು ಹೋದ ಆ ಆರು ವಾರ ಯಾರ ಕಣ್ಣಿಗಾದರೂ ವ್ಯರ್ಥವಾಗಿಯೇ ಕಾಣುತ್ತದೆ. ನಾವು ರೋಗಿಗಳ ಜೊತೆ ಮಾತನಾಡಲು ಕಲಿತದ್ದು ಮಾತ್ರ ಆ ವಾರಗಳಲ್ಲೇ.

ಪ್ರಬಂಧಗಳು ಒಪ್ಪಿಗೆಯಾದವು. ರಟ್ಟು ಹಾಕಿಸಿ, ಬಂಗಾರದ ಬಣ್ಣದ ಅಕ್ಷರ ಮೂಡಿಸಿ, ಪ್ರತಿಗಳನ್ನು ಒಪ್ಪಿಸಿದೆವು. ಒಂದು ಪ್ರತಿ ಗ್ರಂಥಾಲಯದ ಗಾಜಿನ ಕಪಾಟಿಗೆ ಹೋಯಿತು. ನಿಯಮ ಅಲ್ಲಿಗೆ ಮುಗಿಯುತ್ತದೆ. ಗಂಟೆಗಟ್ಟಲೆ ಕೂತು ಉತ್ತರಿಸಿದವರಿಗೆ ಏನು ತಿಳಿದುಬಂತೆಂದು ಹೇಳಬೇಕೆಂದು ನಮ್ಮ ಕೈಪಿಡಿಯಲ್ಲಿ ಎಲ್ಲೂ ಇರಲಿಲ್ಲ. ನಾವು ಎರಡೆರಡು ಪುಟದ ಕನ್ನಡ ಸಾರಾಂಶ ಬರೆದೆವು. ಅಂಚೆಯಲ್ಲಿ ಕಳುಹಿಸುವ ಯೋಚನೆಯನ್ನು ಬಿಟ್ಟೆವು. ಮಾನಸಿಕ ಕಾಯಿಲೆಯ ಮಾತಿರುವ ಕಾಗದ ಊರಿನ ಪೋಸ್ಟ್‌ಮ್ಯಾನ್ ಕೈಯಲ್ಲಿ ಹೋದರೆ ಗುಟ್ಟು ಎಲ್ಲಿ ಉಳಿಯಿತು? ಸಮಿತಿಗೆ ಮತ್ತೊಂದು ಅರ್ಜಿ ಹಾಕಿ, ಮುಂದಿನ ತಪಾಸಣೆಗೆ ಬಂದವರಿಗೆ ಕೈಯಲ್ಲೇ ಕೊಟ್ಟೆವು. ಬಹಳಷ್ಟು ಮಂದಿ ಮಡಚಿ ಔಷಧಿ ಚೀಟಿಯ ಜೊತೆ ಚೀಲಕ್ಕೆ ಹಾಕಿಕೊಂಡರು. ಕೆಲವರು ಬರಲೇ ಇಲ್ಲ.

ತುಮಕೂರಿನ ಕಡೆಯ ಒಬ್ಬರು, ಏಳನೆಯ ಇಯತ್ತೆ ಓದಿದವರು, ಅಲ್ಲೇ ಬೆಂಚಿನ ಮೇಲೆ ಕೂತು ಎರಡೂ ಪುಟ ಓದಿದರು. ಓದಿ ಹಿಂದೆ ಮುಂದೆ ತಿರುಗಿಸಿ ನೋಡಿದರು. “ನಾನೂ ಹೇಳಿದ್ನಲ್ಲಮ್ಮ, ನನ್ನ ಹೆಸರೆಲ್ಲಿ?” ಎಂದು ಕೇಳಿದರು. ಹೆಸರು ಯಾರದೂ ಹಾಕುವುದಿಲ್ಲ, ಗುಟ್ಟಾಗಿಡುತ್ತೇವೆಂದು ಮೊದಲೇ ಹೇಳಿದ್ದೆವಲ್ಲ, ನಿಮಗೆ ಒಂದು ನಂಬರು ಕೊಟ್ಟಿದ್ದೇವೆ ಎಂದು ತಿಳಿಸಿದೆವು. ಅವರು ಅದನ್ನು ಒಪ್ಪಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಪುಸ್ತಕದಾಗೆ ಬ್ಯಾಡ ಬಿಡಿ. ಇದ್ರ ಮೇಲಾದ್ರೂ ಬರ್ಕೊಡಿ, ಇದು ನನ್ ತಾವೇ ಇರ್ತದೆ” ಎಂದು ಹಾಳೆ ಚಾಚಿದರು. ಮೇಲಿನ ಅಂಚಿನಲ್ಲಿ ಅವರ ಹೆಸರು ಬರೆದುಕೊಟ್ಟೆವು. ತಂದೆಯ ಹೆಸರಿನ ಮೊದಲಕ್ಷರ ಬಿಟ್ಟುಹೋಗಿದೆ ಎಂದರು. ಅದನ್ನೂ ಸೇರಿಸಿದೆವು.